ಸಂಬಳ ನಿಂತ ತಿಂಗಳು ನಾನು ಮಾಡಿದ ಕಾಯಕದ ಉಪದೇಶ

ನಿವೃತ್ತಿಯಾದ ಎರಡನೆಯ ವರ್ಷ ನಾನು ಮತ್ತೆ ಕೆಲಸಕ್ಕೆ ಸೇರಿದೆ. ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಈ ಸುದ್ದಿ ತಿಳಿದಾಗ ಹಿರಿಯರೊಬ್ಬರು, "ಪಿಂಚಣಿ ಸಾಲವಲ್ದೇನ್ರಿ ಇಂಜಿನಿಯರ್ ಸಾಹೇಬ್ರ?" ಎಂದು ನಕ್ಕರು. ಯಾವ ಕಂಪನಿ ಎಂದು ಇನ್ನೊಬ್ಬರು ಕೇಳಿದರು. ಹೆಸರು ಹೇಳಿದೆ. ಯಾರೂ ಕೇಳಿರಲಿಲ್ಲ. ಕೇಳಿರುವ ಸಾಧ್ಯತೆಯೂ ಇರಲಿಲ್ಲ. ಕಲಬುರಗಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ಎರಡು ಕೋಣೆ, ನನ್ನನ್ನು ಸೇರಿಸಿ ಒಂಬತ್ತು ಜನ, ಬಾಗಿಲಿಗೆ ಬೋರ್ಡು ಕೂಡ ಇಲ್ಲ. ಇಂಥದ್ದಕ್ಕೆ ಈಗ ಸ್ಟಾರ್ಟ್‌ಅಪ್ ಎನ್ನುತ್ತಾರೆ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಟಾರ್ಟ್‌ಅಪ್ ಇಂಡಿಯಾ ಎಂದು ಯೋಜನೆ ಆರಂಭಿಸಿದ ಮೇಲೆ ಈ ಪದ ನಮ್ಮ ಕಡೆಯ ಕಾಲೇಜುಗಳಿಗೂ ಬಂದಿದೆ. ಆದರೆ ಹೆಣ್ಣು ಕೊಡುವ ಮನೆಗಳಿಗೆ ಇನ್ನೂ ಬಂದಿಲ್ಲ. ಆ ಮಾತು ಆಮೇಲೆ.

ಕಂಪನಿಯನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ, ತೆಗಳಲೂ ಅಲ್ಲ. ಆದ್ದರಿಂದ ಅದರ ಹೆಸರು ಬೇಡ. ಅಲ್ಲಿ ನಾನು ಕಾಯಕ ಎಂಬ ಪದವನ್ನು ತಪ್ಪಾಗಿ ಬಳಸಿದೆ. ಆ ತಪ್ಪು ನನ್ನೊಬ್ಬನದಲ್ಲ, ನಮ್ಮ ಸಮಾಜದಲ್ಲಿ ವೇದಿಕೆ ಹತ್ತುವ ಬಹಳ ಜನರದು ಎಂದು ಅನ್ನಿಸಿದ್ದರಿಂದ ಈ ಪತ್ರಿಕೆಯ ಶರಣ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಕಂಪನಿ ಕಟ್ಟಿದ ಹುಡುಗರು ಇಬ್ಬರು. ಒಬ್ಬ ಆಳಂದ ತಾಲ್ಲೂಕಿನವನು, ಇನ್ನೊಬ್ಬ ಅಫಜಲಪುರ ತಾಲ್ಲೂಕಿನವನು. ಕಲಬುರಗಿಯಲ್ಲೇ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವರು ತಿರುಗಿ ಹೋಗಲಿಲ್ಲ. ಅವರು ಮಾಡುವ ಉಪಕರಣ ಹೇಳುವುದಕ್ಕೆ ಸರಳ. ಹೊಲದಲ್ಲಿ ಒಂದು ಕಂಬ. ಕಂಬದ ಮೇಲೆ ಸಣ್ಣ ಸೋಲಾರ್ ಪ್ಲೇಟು, ಮಳೆ ಅಳೆಯುವ ಮಾಪಕ, ಒಂದು ಡಬ್ಬಿ. ಡಬ್ಬಿಯೊಳಗೆ ಮೊಬೈಲಿನ ಸಿಮ್. ಮಣ್ಣಿನಲ್ಲಿ ಒಂದು ಗೇಣು ಆಳಕ್ಕೆ ಒಂದು, ಒಂದು ಮೊಳ ಆಳಕ್ಕೆ ಇನ್ನೊಂದು ಸೆನ್ಸರ್. ಮಣ್ಣಿನಲ್ಲಿ ತೇವ ಎಷ್ಟಿದೆ, ನೀರು ಬೇಕೋ ಬೇಡವೋ ಎಂಬುದು ರೈತನ ಫೋನಿಗೆ ಕನ್ನಡದಲ್ಲೇ ಧ್ವನಿ ಸಂದೇಶವಾಗಿ ಹೋಗುತ್ತದೆ. ಓದಲು ಬಾರದವರೂ ಕೇಳಿಸಿಕೊಳ್ಳಬಹುದು.

ಮೂರು ತಾಲ್ಲೂಕುಗಳಲ್ಲಿ ಮೊದಲು ಹಾಕೋಣ ಎಂದು ಅವರು ಹೊರಟಿದ್ದರು. ಆಳಂದದಲ್ಲಿ ಅಮರ್ಜಾ ಜಲಾಶಯದ ನೀರು ಮುಟ್ಟುವುದು ಸ್ವಲ್ಪ ಭೂಮಿಗೆ. ಉಳಿದದ್ದು ಮಳೆ ನಂಬಿದ ತೊಗರಿ. ಅಫಜಲಪುರದಲ್ಲಿ ಭೀಮೆಯ ದಂಡೆಯ ಕಬ್ಬು, ಸೊನ್ನ ಬ್ಯಾರೇಜಿನ ಏತ ನೀರಾವರಿ. ಜೇವರ್ಗಿಯಲ್ಲಿ ಬಸವಸಾಗರದ ಕಾಲುವೆ ಬಂದ ಹಳ್ಳಿಗಳಿವೆ, ಬಾರದ ಹಳ್ಳಿಗಳೂ ಇವೆ. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಇದೇ ಸೀಮೆಯ ಕಾಲುವೆ ದಂಡೆಗಳಲ್ಲಿ ತಿರುಗಿದ್ದರಿಂದ ನನ್ನನ್ನು ಕರೆದರು. ಗೌರವಧನ ಎಂದು ಒಂದು ಮೊತ್ತ ಹೇಳಿದರು. ಒಪ್ಪಿಕೊಂಡೆ.

ಮೊದಲ ದಿನ ಜೇಬಿನಲ್ಲಿ ಹಸಿರು ಶಾಯಿಯ ಪೆನ್ನು ಇಟ್ಟುಕೊಂಡು ಹೋದೆ. ಗೆಜೆಟೆಡ್ ಅಧಿಕಾರಿಯ ಹಸಿರು ಸಹಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ನನಗೆಂದು ಕೋಣೆ ಇರಲಿಲ್ಲ, ಗಂಟೆ ಒತ್ತಿದರೆ ಬರುವ ಜವಾನನೂ ಇರಲಿಲ್ಲ. ಚಹಾ ಕುಡಿದು ಕಪ್ಪನ್ನು ಮೇಜಿನ ಮೇಲೆ ಬಿಟ್ಟೆ. ಮರುದಿನ ಬೆಳಿಗ್ಗೆ ಹೋದಾಗಲೂ ಅದು ಅಲ್ಲೇ ಇತ್ತು, ಇರುವೆ ಮುತ್ತಿದ್ದವು. ಯಾರೂ ಏನೂ ಅನ್ನಲಿಲ್ಲ. ಗೋಡೆಯ ಮೇಲೆ ವಾರದ ಪಾಳಿ ಬರೆದಿದ್ದರು: ಕಸ ಗುಡಿಸುವವರು, ಕಪ್ಪು ತೊಳೆಯುವವರು, ಕೆಳಗಿನಿಂದ ನೀರಿನ ಕ್ಯಾನು ತರುವವರು. ಕಂಪನಿಯ ಮಾಲೀಕರಿಬ್ಬರ ಹೆಸರೂ ಅದರಲ್ಲಿತ್ತು. ನನ್ನ ಹೆಸರು ಮಾತ್ರ ಇರಲಿಲ್ಲ. ಹಿರಿಯರು ಎಂದು ಬಿಟ್ಟಿದ್ದರು. ಹತ್ತು ದಿನದ ಮೇಲೆ ನಾನೇ ಬರೆದುಕೊಂಡೆ. ಬಸವ ಜಯಂತಿಯ ವೇದಿಕೆಗಳಲ್ಲಿ ಯಾವ ಕಾಯಕವೂ ಮೇಲಲ್ಲ, ಕೀಳಲ್ಲ ಎಂದು ಎಷ್ಟು ಸಲ ಮಾತನಾಡಿದ್ದೆನೋ ಲೆಕ್ಕವಿಲ್ಲ. ಕಚೇರಿಯಲ್ಲಿ ಒಂದು ಕಪ್ಪು ತೊಳೆದದ್ದು ಅದೇ ಮೊದಲು.

ಇನ್ನೊಂದು ದಿನ ಮುನ್ನೂರು ರೂಪಾಯಿಯ ಕೇಬಲ್ ಬೇಕಾಯಿತು. ನಾನು ಶಿಸ್ತಾಗಿ ಒಂದು ಟಿಪ್ಪಣಿ ಬರೆದೆ. ವಿಷಯ, ಉಲ್ಲೇಖ, ಪ್ರಸ್ತಾವನೆ, ಕೊನೆಯಲ್ಲಿ "ಅನುಮೋದನೆಗಾಗಿ ಸಲ್ಲಿಸಿದೆ". ಅಫಜಲಪುರದ ಹುಡುಗ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ನಗಬಾರದೆಂದು ತಡೆದುಕೊಂಡಿದ್ದ ಅಂತ ಕಾಣುತ್ತದೆ. "ಸರ್, ನೋಟ್ ಬ್ಯಾಡ್ರಿ. ಕೆಳಗ ಅಂಗಡಿ ಅದ, ತಗೊಂಡು ಬರ್ರಿ, ಚೀಟಿ ಡಬ್ಬ್ಯಾಗ ಹಾಕ್ರಿ" ಎಂದ. ಮೂವತ್ತು ವರ್ಷದಲ್ಲಿ ಕಲಿತ ಒಂದು ವಿದ್ಯೆ ಅಲ್ಲಿಗೆ ಮುಗಿಯಿತು.

ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ನಿಂತುಕೊಂಡು ಹತ್ತು ನಿಮಿಷ ಸಭೆ ಮಾಡುತ್ತಾರೆ. ಕುರ್ಚಿ ಕಡಿಮೆ ಇವೆಯೆಂದು ನಾನು ತಿಳಿದಿದ್ದೆ. ಅದಲ್ಲ, ನಿಂತರೆ ಮಾತು ಚಿಕ್ಕದಾಗುತ್ತದೆ ಎಂದು. ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಇಷ್ಟೇ. ನಾನು ಮೊದಲ ವಾರ ಅಲ್ಲೂ ಭಾಷಣ ಮಾಡಿದೆ. ಮಗನ ವಯಸ್ಸಿನವರು ಎಲ್ಲರೆದುರು, "ಸರ್, ಈ ಲೆಕ್ಕ ತಪ್ಪಾಗ್ಯಾದ, ತಿರುಗಿ ನೋಡ್ರಿ" ಅಂದಾಗ ಕಿವಿ ಬಿಸಿಯಾಯಿತು. ಇಲಾಖೆಯಲ್ಲಿ ನನ್ನ ತಪ್ಪನ್ನು ಮೇಲಿನವರು ಮೆಮೊದಲ್ಲಿ ಬರೆಯುತ್ತಿದ್ದರು. ಕೆಳಗಿನವರು ಹೇಳುತ್ತಲೇ ಇರಲಿಲ್ಲ. ಹೀಗೆ ಎದುರಿಗೆ ನಿಂತು, ಸಿಟ್ಟಿಲ್ಲದೆ, ಅಂಜಿಕೆಯಿಲ್ಲದೆ ಹೇಳುವುದನ್ನು ನಾನು ಅನುಭವ ಮಂಟಪದ ಬಗ್ಗೆ ಓದುವಾಗ ಮಾತ್ರ ಕಂಡಿದ್ದೆ. ಆ ಹುಡುಗರಿಗೆ ಅನುಭವ ಮಂಟಪದ ಪರಿಚಯ ಅಷ್ಟೇನೂ ಇಲ್ಲ ಎಂಬುದು ಬೇರೆ ಮಾತು.

ಅಲ್ಲಿ ನಾನು ಉಪಯೋಗಕ್ಕೆ ಬಂದದ್ದು ಮೂರನೆಯ ತಿಂಗಳಲ್ಲಿ. ಜೇವರ್ಗಿ ಕಡೆಯ ರೈತರೊಬ್ಬರು ಫೋನ್ ಮಾಡಿ ಬೈದರು. "ನಿಮ್ಮ ಡಬ್ಬಿ ದಿನಾ ನೀರು ಬಿಡು, ನೀರು ಬಿಡು ಅಂತದ. ನಾ ಸಲಿಕಿ ಹಾಕಿ ನೋಡೀನಿ, ಒಂದು ಮೊಳ ಕೆಳಗ ಹಸಿ ಅದ. ಡಬ್ಬಿಗಿ ಹುಚ್ಚು ಹಿಡದದೇನು?" ಹುಡುಗರು ಮೂರು ದಿನ ಕಂಪ್ಯೂಟರಿನ ಮುಂದೆ ಕೂತು ಲೆಕ್ಕದ ಸೂತ್ರ ತಿದ್ದಿದರು. ಸೆನ್ಸರ್ ಬದಲಿಸಿದರು. ಏನೂ ಆಗಲಿಲ್ಲ. ಕೊನೆಗೆ ನಾನು, ಹೊಲಕ್ಕೆ ಹೋಗೋಣ ಎಂದೆ.

ನಮ್ಮ ಎರೆ ಮಣ್ಣಿನ ಗುಣ ಓದುಗರಿಗೆ ಹೇಳಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಕೈ ಹೋಗುತ್ತದೆ. ಇದೇ ಮಣ್ಣು ನಮ್ಮ ಕಾಲುವೆಗಳ ಕಾಂಕ್ರೀಟ್ ಹಾಸನ್ನು ಎಷ್ಟು ಸಲ ಎತ್ತಿ ಒಡೆದಿದೆಯೆಂದು ನನಗೆ ಗೊತ್ತು. ಅದಕ್ಕೇ ಎರೆ ಭೂಮಿಯಲ್ಲಿ ಕಾಲುವೆ ಮಾಡುವಾಗ ಕಾಂಕ್ರೀಟಿಗೂ ಎರೆ ಮಣ್ಣಿಗೂ ನಡುವೆ ಉಬ್ಬದ ಮೊರಂ ಮಣ್ಣಿನ ಪದರ ಹಾಕುತ್ತೇವೆ. ಹೊಲದಲ್ಲಿ ಆಗಿದ್ದೂ ಅದೇ ಮಣ್ಣಿನ ಆಟ. ಮೇಲಿನ ಮಣ್ಣು ಸ್ವಲ್ಪ ಒಣಗಿದ ಕೂಡಲೇ ಸೆನ್ಸರಿನ ಸುತ್ತ ಮಣ್ಣು ಹಿಂದೆ ಸರಿದು ಕೂದಲೆಳೆಯ ಸಂದು ಬಿಟ್ಟಿತ್ತು. ಆ ಸಂದಿನಲ್ಲಿ ಗಾಳಿ. ಸೆನ್ಸರ್ ಪಾಪ ಆ ಗಾಳಿಯನ್ನು ಅಳೆದು ಮಣ್ಣು ಒಣಗಿದೆ ಎಂದು ವರದಿ ಮಾಡುತ್ತಿತ್ತು.

ಅದೇ ಹೊಲದ ಮಣ್ಣನ್ನು ಬಕೀಟಿನಲ್ಲಿ ನೀರು ಹಾಕಿ ಅಂಬಲಿಯ ಹದಕ್ಕೆ ಕಲಸಿ, ತೂತಿಗೆ ಸುರಿದು, ಸೆನ್ಸರನ್ನು ನೆಟ್ಟಗೆ ಇಳಿಸದೆ ಓರೆಯಾಗಿ ಇಳಿಸಿದೆವು. ನೆಟ್ಟಗಿದ್ದರೆ ಮಳೆ ನೀರು ಅದರ ಮೈ ಹಿಡಿದು ನೇರ ಕೆಳಗೆ ಇಳಿದು ಇನ್ನೊಂದು ಸುಳ್ಳು ಹೇಳಿಸುತ್ತದೆ. ಜೊತೆಗೆ ಆ ರೈತರ ಮಾತನ್ನೂ ನಿಯಮವಾಗಿ ಸೇರಿಸಿಕೊಂಡೆವು: ಗೇಣಿನ ಆಳದ್ದು ಒಣಗಿ ಮೊಳದ ಆಳದ್ದು ಹಸಿ ಇದ್ದರೆ, ಬೇರು ಇಳಿದ ಪೈರಿಗೆ ನೀರು ಬಿಡು ಎಂದು ಹೇಳಬಾರದು. ಅವತ್ತು ಸಂಜೆ ವಾಪಸು ಬರುವಾಗ ಆಳಂದದ ಹುಡುಗ ಮೊದಲ ಸಲ ನನ್ನನ್ನು "ಕಾಕಾ" ಎಂದು ಕರೆದ. ಸರ್ ಹೋಯಿತು. ಅದು ಬಡ್ತಿ ಎಂದೇ ನಾನು ತಿಳಿದಿದ್ದೇನೆ.

ಇಷ್ಟು ಸುಖದ ಮಾತು. ಆಮೇಲೆ ಸಂಬಳ ನಿಂತಿತು.

ನಮ್ಮಿಂದ ಉಪಕರಣ ಕೊಂಡ ಒಂದು ಸಂಸ್ಥೆ ಬಿಲ್ಲು ಕೊಡಲಿಲ್ಲ. ಇಂದು, ನಾಳೆ, ಮುಂದಿನ ವಾರ. ಬಿಲ್ಲು ತಡವಾದರೆ ಆಚೆ ಬದಿಯಲ್ಲಿ ಏನಾಗುತ್ತದೆ ಎಂಬುದನ್ನು ಮೂವತ್ತು ವರ್ಷ ಮೇಜಿನ ಈಚೆ ಕೂತ ನಾನು ಯೋಚಿಸಿದವನಲ್ಲ. ನನ್ನ ಮೇಜಿನ ಮೇಲೂ ಬಿಲ್ಲುಗಳು ಮಲಗಿದ್ದುಂಟು. ಒಂದು ತಿಂಗಳು ಯಾರಿಗೂ ಸಂಬಳ ಆಗಲಿಲ್ಲ. ಎರಡನೆಯ ತಿಂಗಳೂ ಆಗುವ ಲಕ್ಷಣ ಕಾಣಲಿಲ್ಲ. ಕೆಲಸ ಮಾತ್ರ ಹೆಚ್ಚಾಯಿತು, ಯಾಕೆಂದರೆ ಹೊಸ ಗಿರಾಕಿ ಹುಡುಕಬೇಕಿತ್ತು. ರಾತ್ರಿ ಹತ್ತರವರೆಗೆ ದೀಪ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ನಿಂತ ಸಭೆಯಲ್ಲಿ ಎಲ್ಲರ ಮುಖ ಬಾಡಿತ್ತು. ಹಿರಿಯನಾಗಿ ಧೈರ್ಯ ತುಂಬಬೇಕೆಂದು ನಾನು ಮಾತನಾಡಿದೆ. ಅಪ್ಪ ಬಸವಣ್ಣನವರು, ಶರಣರು, ಕಾಯಕದಲ್ಲೇ ಕೈಲಾಸ ಕಂಡವರು. ಹಣದ ಮುಖ ನೋಡದೆ ದುಡಿಯುವುದೇ ನಮ್ಮ ಪರಂಪರೆ. ಇದು ನೌಕರಿಯಲ್ಲ, ಕಾಯಕ. ಇವತ್ತು ನೀವು ಮಾಡುತ್ತಿರುವುದು ದಾಸೋಹ. ಬಹಳ ಚೆನ್ನಾಗಿಯೇ ಮಾತನಾಡಿದೆ ಎಂದು ನನಗೇ ಅನ್ನಿಸಿತ್ತು. ಮಾಲೀಕರಿಬ್ಬರೂ ತಲೆ ಆಡಿಸಿದರು.

ಜೇವರ್ಗಿ ತಾಲ್ಲೂಕಿನ ಒಬ್ಬ ಹುಡುಗಿ ನಮ್ಮಲ್ಲಿ ಡಬ್ಬಿಯೊಳಗಿನ ಬೋರ್ಡುಗಳನ್ನು ಬೆಸೆಯುವ ಕೆಲಸ ಮಾಡುತ್ತಾಳೆ. ಡಿಪ್ಲೊಮಾ ಓದಿದ್ದಾಳೆ. ತಂದೆಗೆ ಹೊಲವಿಲ್ಲ, ಬೇರೆಯವರ ಹೊಲ ಪಾಲಿಗೆ ಮಾಡುತ್ತಾರೆ. ಅವಳು ಸಾಮಾನ್ಯವಾಗಿ ಸಭೆಯಲ್ಲಿ ಎರಡು ವಾಕ್ಯಕ್ಕಿಂತ ಹೆಚ್ಚು ಮಾತನಾಡುವವಳಲ್ಲ. ಅವತ್ತು ಹೇಳಿದಳು: "ಕಾಕಾ, ನಿಮಗ ತಿಂಗಳಾ ತಿಂಗಳಾ ಪಿಂಚಣಿ ಬರ್ತದ. ನಮ್ಮ ರೂಮಿನ ಬಾಡಿಗಿಯವರಿಗಿ ಇದು ಕಾಯಕ ಅದ, ದಾಸೋಹ ಅದ ಅಂತ ನೀವೇ ಬಂದು ಹೇಳ್ರಿ. ನಾ ಹೇಳಿದ್ರ ಕೇಳವಲ್ರು."

ಯಾರೂ ನಗಲಿಲ್ಲ. ಅವಳೂ ಸಿಟ್ಟಿನಿಂದ ಹೇಳಿರಲಿಲ್ಲ. ಹೇಳಿ, ಕೆಲಸಕ್ಕೆ ಹೋಗಿ ಕೂತಳು.

ಅವತ್ತು ರಾತ್ರಿ ಊಟ ಸೇರಲಿಲ್ಲ. ಅವಳ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಆಮೇಲೆ ಶರಣರ ಕಥೆಗಳನ್ನೇ ಮತ್ತೆ ಮನಸ್ಸಿಗೆ ತಂದುಕೊಂಡೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಆ ಹಗ್ಗವನ್ನು ಮಾರಿದರು. ಪುಕ್ಕಟೆ ಕೊಡಲಿಲ್ಲ. ಮಾರಿ ಬಂದ ಹಣದಿಂದ ದಾಸೋಹ ಮಾಡಿದರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆ ಮಾರಿದರು. ಕಾಯಕಕ್ಕೆ ನ್ಯಾಯವಾದ ಪ್ರತಿಫಲ ಬರಬೇಕು, ಬಂದದ್ದರಲ್ಲಿ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಸಮಾಜಕ್ಕೆ. ಪ್ರತಿಫಲವೇ ಬಾರದಿದ್ದರೆ ದಾಸೋಹ ಯಾವುದರಿಂದ? ಆಯ್ದಕ್ಕಿ ಲಕ್ಕಮ್ಮ ತಾಯಿಯ ಪ್ರಸಂಗವನ್ನು ನಾವೆಲ್ಲ ವೇದಿಕೆಯಲ್ಲಿ ಹೇಳುತ್ತೇವೆ. ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದಳು. ಅದನ್ನು ನಾವು ಅತಿಯಾಸೆಯ ವಿರುದ್ಧದ ಪಾಠ ಎಂದು ಹೇಳಿ ಮುಗಿಸುತ್ತೇವೆ. ಆದರೆ ಅಂದಿನ ಅಕ್ಕಿಯನ್ನು ಅವಳು ಬೇಡವೆನ್ನಲಿಲ್ಲ. ಇಷ್ಟು ಬೇಕು ಎಂದು ಅಳತೆ ಮಾಡಿದವಳು ಅವಳು, ಮನೆ ನಡೆಸುವವಳು. ಆ ಅಳತೆಯನ್ನು ಮಾಡುವ ಹಕ್ಕು ಅವಳದೇ ಆಗಿತ್ತು; ಮಹಾಮನೆಯ ಯಾರೋ ಹಿರಿಯರು ಬಂದು, ಈ ತಿಂಗಳು ನಿಮಗೆ ಅಕ್ಕಿ ಇಲ್ಲ, ಇದನ್ನೇ ದಾಸೋಹ ಎಂದು ತಿಳಿಯಿರಿ ಎನ್ನಲಿಲ್ಲ.

ನಾನು ಮಾಡಿದ್ದು ಅದನ್ನೇ. ದಾಸೋಹ ತನ್ನ ಗಳಿಕೆಯಿಂದ ತಾನು ಮಾಡುವಂಥದ್ದು. ನಮ್ಮ ಜಿಲ್ಲೆಯವರಿಗೆ ಇದನ್ನು ಪುಸ್ತಕದಿಂದ ಕಲಿಯುವ ಅಗತ್ಯವಿಲ್ಲ. ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ತಮ್ಮ ಹೊಲದ ಜೋಳಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವಕ್ಕೆ ಕುಡಿಯಲು ನೀರಿಟ್ಟರು ಎಂಬುದನ್ನು ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದವರು ನಾವು. ಅವರು ತಮ್ಮ ಹೊಲ ಬಿಟ್ಟುಕೊಟ್ಟರು. ಪಕ್ಕದವನ ಹೊಲಕ್ಕೆ ಹಕ್ಕಿಗಳನ್ನು ಕಳಿಸಿ ತಾವು ದಾಸೋಹಿ ಎನ್ನಿಸಿಕೊಳ್ಳಲಿಲ್ಲ. ಪಾಲಿನ ಹೊಲ ಮಾಡುವ ತಂದೆಯ ಮಗಳ ಎರಡು ತಿಂಗಳ ಸಂಬಳವನ್ನು, ಪಿಂಚಣಿದಾರನಾದ ನಾನು, ನನ್ನ ಬಾಯಿಂದ ದಾಸೋಹಕ್ಕೆ ಬರೆದುಬಿಟ್ಟಿದ್ದೆ.

ಮರುದಿನ ಸಭೆಯಲ್ಲಿ ನಿಂತು, ನಿನ್ನೆ ಹೇಳಿದ್ದು ತಪ್ಪು ಎಂದೆ. ಎರಡು ವಾಕ್ಯದಲ್ಲೇ ಮುಗಿಸಿದೆ. ಆಮೇಲೆ ಮಾಲೀಕ ಹುಡುಗರಿಬ್ಬರನ್ನು ಕೂರಿಸಿಕೊಂಡು ಒಂದು ಮಾತು ಕೇಳಿದೆ: ಬ್ಯಾಂಕಿನಲ್ಲಿ ಎಷ್ಟು ಹಣ ಇದೆ? ಅವರು ಒಬ್ಬರ ಮುಖ ಒಬ್ಬರು ನೋಡಿದರು. ಕೆಟ್ಟ ಹುಡುಗರಲ್ಲ. ಹೇಳಿದರೆ ಎಲ್ಲರೂ ಬಿಟ್ಟು ಹೋಗುತ್ತಾರೆ ಎಂಬ ಭಯ. ಬಸವಣ್ಣನವರು ಮಂಗಳವೇಢೆಯಲ್ಲಿ ಕರಣಿಕರಾಗಿ ನೌಕರಿ ಆರಂಭಿಸಿದವರು. ಭಂಡಾರದ ಹಣದ ಮೇಲೆ ಬಿಜ್ಜಳನಿಗೆ ದೂರು ಹೋದಾಗ ಲೆಕ್ಕ ತೆರೆದು ತೋರಿಸಿದರು ಎಂಬ ಕಥೆ ನಮಗೆಲ್ಲ ಗೊತ್ತು. ಉಪದೇಶ ಮಾಡುವುದಾದರೆ ನಾನು ಆ ಕಥೆಯನ್ನು ಹೇಳಬೇಕಿತ್ತು, ಅದೂ ಕೆಲಸಗಾರರಿಗಲ್ಲ.

ಲೆಕ್ಕ ತೆರೆಯಿತು. ಇದ್ದ ಹಣ ಎಷ್ಟು, ಬರಬೇಕಾದ್ದು ಎಷ್ಟು, ಎಷ್ಟು ತಿಂಗಳು ತಳ್ಳಬಹುದು ಎಂಬುದನ್ನು ಪಾಳಿ ಬರೆದ ಗೋಡೆಯ ಮೇಲೇ ಬರೆದರು. ಇದ್ದುದರಲ್ಲಿ ಮೊದಲು ಕಡಿಮೆ ಸಂಬಳದವರಿಗೆ ಪೂರ್ತಿ ಕೊಟ್ಟರು, ಆಮೇಲೆ ಮೇಲಿನವರಿಗೆ, ಕೊನೆಗೆ ಮಾಲೀಕರಿಗೆ. ಮಾಲೀಕರ ಸರದಿ ಬಂದಾಗ ಡಬ್ಬಿ ಖಾಲಿ. ನನ್ನ ಗೌರವಧನ ಬಿಲ್ಲು ಬರುವವರೆಗೆ ಬೇಡವೆಂದೆ. ಇದರಲ್ಲಿ ದೊಡ್ಡಸ್ತಿಕೆಯೇನಿಲ್ಲ, ಪಿಂಚಣಿ ಇತ್ತು. ಸಾಫ್ಟ್‌ವೇರ್ ನೋಡುತ್ತಿದ್ದ ಒಬ್ಬ ಹುಡುಗ ಗೋಡೆಯ ಲೆಕ್ಕ ನೋಡಿ, ಮನೆಯಲ್ಲಿ ಸಾಲ ಇದೆ ಎಂದು ಹೇಳಿ ಬೆಂಗಳೂರಿಗೆ ಹೋದ. ಅವನನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದವರು ಮಾಲೀಕರೇ. ಬಿಲ್ಲು ನಾಲ್ಕು ತಿಂಗಳ ಮೇಲೆ ಬಂತು.

ಈಗ ನಮ್ಮ ಹುಡುಗ ಹುಡುಗಿಯರು ಇಂಥ ಸಣ್ಣ ಕಂಪನಿಗಳಿಗೆ ಹೆಚ್ಚು ಹೆಚ್ಚು ಹೋಗುತ್ತಿದ್ದಾರೆ, ಬೆಂಗಳೂರಿನಲ್ಲಿ, ಪುಣೆ, ಹೈದರಾಬಾದಿನಲ್ಲಿ. ಅವರಿಗೂ ಮನೆಯವರಿಗೂ ಕೆಲವು ವಿಷಯ ಗೊತ್ತಿರುವುದು ಒಳ್ಳೆಯದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಿಂದ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬುದು ಅದರ ಮಿತಿ, ಅದರ ಮೇಲೆ ದುಡಿಸಿಕೊಂಡರೆ ದುಪ್ಪಟ್ಟು ದರ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಭವಿಷ್ಯ ನಿಧಿ ಕಡ್ಡಾಯವಾಗುವುದು 20 ಜನ ಇದ್ದ ಕಡೆ, ಇ.ಎಸ್.ಐ. 10 ಜನ ಇದ್ದ ಕಡೆ. ಎಂದರೆ ಒಂಬತ್ತು ಜನರ ಕಂಪನಿಯಲ್ಲಿ ಎರಡೂ ಇಲ್ಲದಿರಬಹುದು, ಅದು ಮೋಸವಲ್ಲ, ಆದರೆ ಸೇರುವ ಮೊದಲೇ ಕೇಳಿ ತಿಳಿದಿರಬೇಕು. "ನಾವೆಲ್ಲ ಒಂದು ಕುಟುಂಬ" ಎಂದು ಹೇಳುವ ಮಾಲೀಕರನ್ನು ನೇಮಕಾತಿ ಪತ್ರ ಕೇಳಲು ಸಂಕೋಚ ಬೇಡ. ಕುಟುಂಬದಲ್ಲೂ ಆಸ್ತಿಗೆ ಖಾತೆ ಪುಸ್ತಕ ಇರುತ್ತದೆ.

ಇಷ್ಟು ಓದಿ, ಅದಕ್ಕೇ ನಾವು ಸರ್ಕಾರಿ ನೌಕರಿಯೇ ಬೇಕು ಎನ್ನುವುದು ಎಂದು ಯಾರಾದರೂ ಹೇಳಿಯಾರು. ನಾನು ಅದೇ ಸರ್ಕಾರಿ ನೌಕರಿಯ ಅನ್ನ ಉಂಡವನು, ಅದನ್ನು ಹಳಿಯಲಾರೆ. 371(ಜೆ) ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ನ್ಯಾಯವಾಗಿ ಸಿಗಬೇಕಾದ ಹುದ್ದೆಗಳು ಸ್ವಲ್ಪ ಸಿಗುತ್ತಿವೆ, ಸಿಗಲಿ. ಆದರೆ ತಂದೆ ತಾಯಿ ಕಣ್ಣಲ್ಲಿಟ್ಟುಕೊಂಡ ನೌಕರಿ ನಮ್ಮ ಕಾಲದ್ದು. 2006ರ ಏಪ್ರಿಲ್ 1ರಿಂದ ಸೇರಿದ ರಾಜ್ಯ ನೌಕರರು ಹೊಸ ಪಿಂಚಣಿ ಪದ್ಧತಿಗೆ ಸೇರಿದವರು, ನನ್ನಂತಹ ಹಳೆಯ ಪಿಂಚಣಿಯ ಭರವಸೆಯಲ್ಲಿ ಬಂದವರಲ್ಲ. ಆ ಒಂದು ಹುದ್ದೆಗೆ ಐದು, ಆರು ವರ್ಷ ಕೋಚಿಂಗ್ ಕೋಣೆಯಲ್ಲಿ ಕೂತ ಹುಡುಗರು ನಮ್ಮ ಓಣಿ ಓಣಿಯಲ್ಲಿದ್ದಾರೆ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಯಿತಲ್ಲ, ಆ ಅಕ್ರಮ ಮೊದಲು ಬಯಲಾದ ಪರೀಕ್ಷಾ ಕೇಂದ್ರ ಇದೇ ಕಲಬುರಗಿಯಲ್ಲಿತ್ತು. ಶರಣರ ನಾಡು ಎಂದು ನಾವು ಬರೆದುಕೊಳ್ಳುವ ಊರು.

ಮದುವೆಯ ಮಾತನ್ನೂ ಹೇಳಬೇಕು. ಆಳಂದದ ಹುಡುಗನಿಗೆ ಹೆಣ್ಣು ನೋಡುತ್ತಿದ್ದಾರೆ. ನನಗೆ ಪರಿಚಯದ ಒಂದು ಮನೆಯವರು, ಒಳ್ಳೆಯ ಬಸವಭಕ್ತರು, ಲಿಂಗಪೂಜೆ ತಪ್ಪಿಸದವರು, ನನಗೆ ಫೋನ್ ಮಾಡಿ ಕೇಳಿದರು: "ಹುಡುಗ ಪರ್ಮನೆಂಟ್ ಇದ್ದಾನೇನ್ರಿ?" ಕಂಪನಿಯೇ ಅವನದು ಎಂದೆ. "ಅದು ಬರೋಬರಿರಿ, ಪರ್ಮನೆಂಟ್ ಏನು?" ಎಂದು ಮತ್ತೆ ಕೇಳಿದರು. ಅವರನ್ನು ನಾನು ಏನೂ ಅನ್ನಲಾರೆ, ನನ್ನ ಅಳಿಯನನ್ನು ನೋಡುವಾಗ ನಾನೂ ಇದನ್ನೇ ಕೇಳಿದ್ದೆ. ಎರಡನೆಯ ಪ್ರಶ್ನೆ ಒಳಪಂಗಡದ್ದು. ಅದನ್ನು ಎಷ್ಟು ಮೆತ್ತಗೆ ಕೇಳುತ್ತಾರೆ! ಸಣ್ಣ ಕಂಪನಿಗಳಲ್ಲಿ ಕೂಡ ಇದು ನುಸುಳುತ್ತದೆ. ನಮ್ಮಲ್ಲಿ ಖಾಲಿಯಾದ ಒಂದು ಜಾಗಕ್ಕೆ ಹೆಸರು ಸೂಚಿಸಿ ಎಂದಾಗ ನನಗೆ ಬಂದ ಏಳು ಫೋನುಗಳಲ್ಲಿ ಏಳೂ "ನಮ್ಮವರ ಹುಡುಗ" ಎಂದೇ ಆರಂಭವಾದವು. ಜೇವರ್ಗಿಯ ಆ ಹುಡುಗಿ ಬಂದದ್ದು ಯಾರ ಫೋನಿನಿಂದಲೂ ಅಲ್ಲ. ಪಾಲಿಟೆಕ್ನಿಕ್ಕಿನ ಫಲಕದಲ್ಲಿ ಚೀಟಿ ನೋಡಿ ಅರ್ಜಿ ಹಾಕಿದವಳು. ಅವಳು ಯಾವ ಜನ ಎಂದು ನನ್ನನ್ನು ಗೋಷ್ಠಿಯಲ್ಲೇ ಒಬ್ಬರು ಕೇಳಿದರು. ಬೋರ್ಡು ಬೆಸೆಯುವ ಜನ ಎಂದೆ. ಅವರಿಗೆ ಇಷ್ಟವಾಗಲಿಲ್ಲ.

ಪೂಜ್ಯರಲ್ಲಿ ಮತ್ತು ಮಠಗಳ ಆಡಳಿತ ನೋಡುವವರಲ್ಲಿ ನನ್ನ ವಿನಂತಿ ಎರಡು. ನಮ್ಮ ಪ್ರಸಾದ ನಿಲಯಗಳಲ್ಲಿ ಓದಿ ಹೊರಬೀಳುವ ಮಕ್ಕಳಿಗೆ ವರ್ಷದಲ್ಲಿ ಒಂದೆರಡು ಭಾನುವಾರವಾದರೂ ಸಂಬಳ, ಕೆಲಸದ ಗಂಟೆ, ನೇಮಕಾತಿ ಪತ್ರ, ಬ್ಯಾಂಕಿನ ಲೆಕ್ಕ ಇವುಗಳ ಬಗ್ಗೆ ತಿಳಿದವರಿಂದ ಹೇಳಿಸಬೇಕು. ವಚನ ಕಂಠಪಾಠದ ಸ್ಪರ್ಧೆಯ ದಿನವೇ ಇಟ್ಟರೂ ಆದೀತು. ಇನ್ನೊಂದು, ವೇದಿಕೆಯ ಮೇಲೆ ಒಬ್ಬ ಉದ್ಯಮಿಗೆ ಶಾಲು ಹೊದಿಸಿ ಕಾಯಕಯೋಗಿ ಎಂದು ಕರೆಯುವ ಮೊದಲು, ಅವರ ಕೈಕೆಳಗೆ ದುಡಿಯುವವರಿಗೆ ಕಳೆದ ತಿಂಗಳ ಸಂಬಳ ಆಗಿದೆಯೇ ಎಂದು ಒಬ್ಬರಾದರೂ ವಿಚಾರಿಸಬೇಕು. ದೇಣಿಗೆಯ ರಸೀದಿ ಬರೆಯುವವರಿಗೆ ಈ ಪ್ರಶ್ನೆ ಕೇಳುವುದು ಕಷ್ಟ ಎಂದು ಬಲ್ಲೆ.

ತೊಗರಿ ಹೂ ಬಿಡುವ ಕಾಲ ಇದು. ಈ ವಾರ ಅಫಜಲಪುರ ಕಡೆ ಹದಿನಾಲ್ಕು ಕಂಬ ನೆಡಬೇಕು. ಬೋರ್ಡು ಬೆಸೆಯುವವಳೇ ಈಗ ಹೊಲದ ಕೆಲಸವನ್ನೂ ನೋಡುತ್ತಾಳೆ, ಮಣ್ಣು ಕಲಸುವುದರಲ್ಲಿ ನನಗಿಂತ ಅವಳ ಹದವೇ ಸರಿ. ಈ ತಿಂಗಳ ಸಂಬಳ 5ನೇ ತಾರೀಖಿಗೆ ಆಯಿತು. ಗೋಡೆಯ ಮೇಲೆ ಐದು ತಿಂಗಳ ಹಣ ಎಂದು ಬರೆದಿದೆ. ಅದರ ಕೆಳಗೆ ಈ ವಾರದ ಪಾಳಿ. ಕಪ್ಪು ನನ್ನದು, ನೀರಿನ ಕ್ಯಾನು ಆಳಂದದ ಹುಡುಗನದು.